ಮೋಟರ್‌ಹೋಮ್‌ನ ಸ್ಲೈಡ್-ಔಟ್ ಅರ್ಧಕ್ಕೆ ನಿಂತಿದೆ, ಪಂಪ್ ಬದಲಿಸಲೇಬೇಕೆ?

ಗೋವಾದ ಕಡಲ ದಂಡೆಯಲ್ಲಿ ಎರಡು ವಾರ ನಿಂತಿದ್ದ ಗಾಡಿ, ಹೊರಡುವ ಹೊತ್ತಿಗೆ ಸ್ಲೈಡ್-ಔಟ್ (ಗಾಡಿ ನಿಲ್ಲಿಸಿದಾಗ ಹೊರಗೆ ಚಾಚುವ ಕೋಣೆಯ ಭಾಗ) ಅರ್ಧ ಒಳಗೆ ಬಂದು ನಿಂತುಬಿಟ್ಟಿತು, ಮೋಟರ್ ಸುಸ್ತಾದಂತೆ ಗುಂಯ್‌ಗುಡುತ್ತದೆ, ಮೆಕ್ಯಾನಿಕ್ ಪಂಪ್ ಹೋಗಿದೆ ಎಂದರು ಅಂತ ಬರೆದಿದ್ದೀರಿ. ದಯವಿಟ್ಟು ಇವತ್ತೇ ಪಂಪ್ ಬಿಚ್ಚಿಸಬೇಡಿ.

ನಾನು ವಿಜಯಪುರದ ಕಡೆಯವನು. ಪುಣೆಯ ಭೋಸರಿಯಲ್ಲಿ ಹೈಡ್ರಾಲಿಕ್ ಪವರ್ ಪ್ಯಾಕ್ ರಿಪೇರಿ ಮಾಡುತ್ತೇನೆ. ನಮ್ಮಲ್ಲಿಗೆ ಹೆಚ್ಚು ಬರುವುದು ಟಿಪ್ಪರ್, ಟೇಲ್ ಲಿಫ್ಟ್, ಮೋಟರ್‌ಹೋಮ್ ಅಪರೂಪ. ಆದರೆ ಒಳಗಿರುವುದು ಅದೇ ಸಾಮಾನು: ಬ್ಯಾಟರಿಯಿಂದ ತಿರುಗುವ ಮೋಟರ್, ಗೇರ್ ಪಂಪ್, ಆಯಿಲ್ ಟ್ಯಾಂಕ್, ವಾಲ್ವ್, ಸಿಲಿಂಡರ್.

ಮೊದಲು ಕರೆಂಟ್ ನೋಡಿ. ಈ ಮೋಟರ್ ಎಳೆಯುವ ಕರೆಂಟ್ ಬಹಳ ದೊಡ್ಡದು, ಹಾಗಾಗಿ ಲೈಟು ಚೆನ್ನಾಗಿ ಉರಿಯುತ್ತಿದೆ ಎಂದರೆ ಬ್ಯಾಟರಿ ಸರಿಯಿದೆ ಎಂದಲ್ಲ. ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ತೋರಿಸುತ್ತದೆ. ಒಬ್ಬರು ಬಟನ್ ಒತ್ತಿ ಹಿಡಿಯಲಿ, ನೀವು ಮಲ್ಟಿಮೀಟರನ್ನು ಮೋಟರಿನ ಟರ್ಮಿನಲ್ಲಿಗೇ ಹಚ್ಚಿ. ಅಲ್ಲಿ 10.5ಕ್ಕಿಂತ ಕೆಳಗೆ ಇಳಿದರೆ ಮೊದಲು ಗುಮಾನಿ ಪಡಬೇಕಾದ್ದು ಬ್ಯಾಟರಿ, ವೈರುಗಳ ಮೇಲೆ, ಪಂಪಿನ ಮೇಲಲ್ಲ. ಆಮೇಲೆ, ಬಟನ್ ಒತ್ತಿರುವಾಗಲೇ, ಒಂದು ಮೊನೆ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಮೋಟರ್ ಬಾಡಿಗೆ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಕೆಟ್ಟಿದೆ. ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೋಲೆನಾಯ್ಡಿನ ಎರಡು ದಪ್ಪ ಬೋಲ್ಟ್‌ಗಳ ನಡುವೆಯೂ ಹೀಗೇ ನೋಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಬಳಿ ಬಂದ ಮೊದಲ ಮೋಟರ್‌ಹೋಮ್ ಕೊಂಕಣದ ದಂಡೆ ಸುತ್ತಿಕೊಂಡು ಬಂದಿತ್ತು. ನಾನು ನೇರ ಪಂಪಿಗೆ ಕೈಹಾಕಿದೆ, ಸೀಲ್ ಕಿಟ್ ಬದಲಿಸಿದೆ. ಎರಡು ದಿನ ಹೋಯಿತು, ಚಿಕ್ಕ ಮಕ್ಕಳಿದ್ದ ಆ ಕುಟುಂಬ ನಮ್ಮ ಶೆಡ್ಡಿನಲ್ಲೇ ಕಾದಿತ್ತು. ಕೊನೆಗೆ ಚಾಸಿಗೆ ಬಿಗಿದಿದ್ದ ಅರ್ಥ್ ಲಗ್ ಬಿಚ್ಚಿದರೆ ಕೆಳಗೆಲ್ಲ ಹಸಿರು ಕಿಲುಬು. ಎಮರಿ ಪೇಪರಿನಿಂದ ಉಜ್ಜಿ ಬಿಗಿದೆ, ಸ್ಲೈಡ್ ಸರ್ರನೆ ಒಳಗೆ ಬಂತು. ಅವರ ಎರಡು ದಿನವನ್ನು ನಾನು ವಾಪಸ್ ಕೊಡಲಾಗಲಿಲ್ಲ. ಉಪ್ಪುಗಾಳಿಯಲ್ಲಿ ನಿಂತಿದ್ದ ನಿಮ್ಮ ಗಾಡಿಯಲ್ಲೂ ನನಗೆ ಮೊದಲ ಗುಮಾನಿ ಅದರ ಮೇಲೆಯೇ.

ವೋಲ್ಟೇಜ್ ಸರಿಯಿದ್ದರೆ ಆಯಿಲ್. ಕಡಿಮೆಯಿದ್ದರೆ ಪಂಪ್ ಗಾಳಿ ಹೀರುತ್ತದೆ, ಸ್ಲೈಡ್ ತಡೆತಡೆದು ಬರುತ್ತದೆ, ಟ್ಯಾಂಕಿನಲ್ಲಿ ನೊರೆ ಕಾಣುತ್ತದೆ. ಆದರೆ ಸ್ಲೈಡ್ ಹೊರಗಿರುವಾಗ ಬಹಳಷ್ಟು ಆಯಿಲ್ ಸಿಲಿಂಡರಿನಲ್ಲೇ ಇರಬಹುದು. ಆಗ ಬಾಯಿವರೆಗೆ ತುಂಬಿಸಿದರೆ ಒಳಗೆ ಎಳೆದಾಗ ಉಕ್ಕುತ್ತದೆ. ಪಂಪ್ ಗಾಳಿ ಹೀರದಷ್ಟೇ ಹಾಕಿ, ಪೂರ್ತಿ ಮಟ್ಟವನ್ನು ಸ್ಲೈಡ್, ಜಾಕ್ ಎಲ್ಲ ಒಳಗೆ ಬಂದ ಮೇಲೆ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಇರುವುದು ಕೆಂಪು ಬಣ್ಣದ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲ್), ಆದರೂ ಟ್ಯಾಂಕಿನ ಮೇಲೆ ಬರೆದಿರುವುದನ್ನೇ ನಂಬಿ. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ನೀರು ಸೇರಿದೆ. ಅಂಗಡಿಯವರು ‘ನಡೆಯುತ್ತೆ’ ಎಂದರೂ ಬ್ರೇಕ್ ಆಯಿಲ್ ಮಾತ್ರ ಹಾಕಬೇಡಿ, ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ.

ಮೋಟರ್ ಜೋರಾಗಿ ತಿರುಗಿಯೂ ಸ್ಲೈಡ್ ಕದಲದಿದ್ದರೆ ವಾಲ್ವ್ ತೆರೆಯುತ್ತಿಲ್ಲದಿರಬಹುದು. ಬಟನ್ ಒತ್ತಿಸಿ, ವಾಲ್ವ್ ತೆರೆಯುವ ಕರೆಂಟಿನ ಕಾಯಿಲಿನ ನಟ್ಟಿಗೆ ಸ್ಕ್ರೂಡ್ರೈವರ್ ತಾಗಿಸಿ. ಅಯಸ್ಕಾಂತದಂತೆ ಎಳೆದರೆ ಕಾಯಿಲ್ ಜೀವಂತವಾಗಿದೆ. ಒಂದು ತುದಿ ಮುಂದೆ, ಇನ್ನೊಂದು ಹಿಂದೆ ಉಳಿದು ಸ್ಲೈಡ್ ಓರೆಯಾದರೆ ಕೂಡಲೇ ಬಟನ್ ಬಿಡಿ. ಹಟ ಹಿಡಿದು ಒತ್ತಿದರೆ ಗೋಡೆಯ ಚೌಕಟ್ಟೇ ತಿರುಚುತ್ತದೆ.

ಇದನ್ನು ಮಾತ್ರ ಕೈಮುಗಿದು ಕೇಳುತ್ತೇನೆ: ಸೋರುವ ಜಾಗವನ್ನು ಬೆರಳಿನಿಂದ ತಡಕಬೇಡಿ. ಒತ್ತಡದಲ್ಲಿ ಸೂಜಿಯಂತೆ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಂಡರೂ ಅದು ಆಪರೇಷನ್ನಿಗೆ ಹೋಗುವ ಗಾಯ, ತಡಮಾಡಿದರೆ ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಸ್ಲೈಡಿನ ದಾರಿಯಲ್ಲಿ ಯಾರೂ ಕೈ, ತಲೆ ಇಡಬಾರದು, ಮಕ್ಕಳನ್ನು ಗಾಡಿಯಿಂದ ಇಳಿಸಿಬಿಡಿ.

ಇವತ್ತೇ ಹೊರಡಬೇಕಿದ್ದರೆ ಎಂಜಿನ್ ಚಾಲೂ ಇಟ್ಟು ಒಳಗೆಳೆಯಲು ನೋಡಿ, ಆದರೆ ನಿಮ್ಮ ಗಾಡಿಯ ಪುಸ್ತಕದಲ್ಲಿ ಹಾಗೆ ಮಾಡಬಹುದು ಎಂದಿದ್ದರೆ ಮಾತ್ರ. ಹ್ಯಾಂಡ್‌ಬ್ರೇಕ್ ಹಾಕದಿದ್ದರೆ ಕೆಲವು ಗಾಡಿಗಳಲ್ಲಿ ಪಂಪ್ ತಿರುಗುವುದೇ ಇಲ್ಲ. ಮೀಟರಿನಲ್ಲಿ ಬಂದ ಮೂರೂ ಅಂಕಿಗಳನ್ನು ಇಲ್ಲೇ ಬರೆಯಿರಿ, ರಾತ್ರಿ ಶೆಡ್ ಮುಚ್ಚಿದ ಮೇಲೆ ನೋಡಿ ಹೇಳುತ್ತೇನೆ.