‘ಅಯ್ಯೋ ಪಾಪ’ ಅಂದವರು ಮತ್ತೆ ಯಾಕೆ ತಿನ್ನುತ್ತಾರೆ?

ನಾನು ಪಶುವೈದ್ಯೆ. ಸಾಕಣೆ ಕೇಂದ್ರಗಳಲ್ಲಿ ಕೋಳಿ, ಹಂದಿ, ಹಸುಗಳ ನಡವಳಿಕೆ ಗಮನಿಸುವುದು ನನ್ನ ಕೆಲಸ. ಅಲ್ಲಿ ನೋಡಿದ್ದರಿಂದಲೇ ನಾನು ವೀಗನ್ ಆದೆ, ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಹೀಗೆ ಪ್ರಾಣಿಗಳಿಂದ ಬರುವುದನ್ನೆಲ್ಲ ಬಿಟ್ಟೆ. ಅದರ ವಿವರವನ್ನೆಲ್ಲ ಮತ್ತೆ ಮೊದಲಿಂದ ಹೇಳುವುದಿಲ್ಲ. ಓದುಗರಿಂದ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ ಕೇಳುತ್ತವೆ. ಜಾಸ್ತಿ ಜಾಗ ಅದಕ್ಕೇ ಕೊಡುತ್ತೇನೆ.

ಪ್ರಶ್ನೆ: ಡಾಕ್ಟ್ರೇ, ನಾನು ವೀಗನ್ ಆಗಿ ಎಂಟು ತಿಂಗಳಾಯಿತು. ಅಕ್ಕ, ಭಾವ, ಗೆಳೆಯರಿಗೆಲ್ಲ ಕಸಾಯಿಖಾನೆಯ ವಿಡಿಯೋ ಕಳಿಸುತ್ತಲೇ ಇದ್ದೇನೆ. ‘ಅಯ್ಯೋ ಪಾಪ’ ಅಂತಾರೆ. ರಾತ್ರಿ ಮತ್ತೆ ಅದನ್ನೇ ತಿಂತಾರೆ. ಜನರಿಗೆ ಕರುಣೆಯೇ ಇಲ್ವಾ?

ಇದೆ. ಬೇಕಾದಷ್ಟಿದೆ. ಕರುಣೆ ಇಲ್ಲ ಅಂದುಕೊಂಡು ಹೊರಟಿರುವುದೇ ನಿಮ್ಮ ತಪ್ಪು.

2017ರಲ್ಲಿ ಅಮೆರಿಕದಲ್ಲಿ ಒಂದು ಸಮೀಕ್ಷೆ ನಡೆಯಿತು. ಕಾರ್ಖಾನೆ ಮಾದರಿಯ ಸಾಕಣೆಯನ್ನು ನಿಷೇಧಿಸಬೇಕು ಅಂದವರು ಶೇ. 49. ಕಸಾಯಿಖಾನೆಗಳನ್ನೇ ನಿಷೇಧಿಸಬೇಕು ಅಂದವರು ಶೇ. 47. ಹಾಗಂತ ಅಮೆರಿಕದ ಅರ್ಧ ಜನ ಮಾಂಸ ಬಿಟ್ಟಿದ್ದಾರಾ? ಖಂಡಿತ ಇಲ್ಲ. ಮಾರನೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಕೋಳಿ, ಹಂದಿ, ಕರುಗಳನ್ನು ಇಕ್ಕಟ್ಟಾದ ಗೂಡಿನಲ್ಲಿ ಕೂಡಿಹಾಕುವುದರ ವಿರುದ್ಧ ಮತದಾನ ನಡೆದಾಗ ಸುಮಾರು ಶೇ. 63 ಮಂದಿ ಪ್ರಾಣಿಗಳ ಪರ ನಿಂತರು. ಅವರಲ್ಲಿ ಹೆಚ್ಚಿನವರು ಮಾಂಸ ತಿನ್ನುವವರೇ. ಅಂದರೆ ಮನಸ್ಸು ಒಂದು ಕಡೆ, ತಟ್ಟೆ ಇನ್ನೊಂದು ಕಡೆ.

ಈ ಎರಡರ ನಡುವೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಓದಿ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಕೆಲವರಿಗೆ ಒಣಗಿಸಿದ ದನದ ಮಾಂಸ ಕೊಟ್ಟರು, ಕೆಲವರಿಗೆ ಗೋಡಂಬಿ ಕೊಟ್ಟರು. ತಿಂದಾದ ಮೇಲೆ ಪ್ರಾಣಿಗಳ ಬಗ್ಗೆ ಪ್ರಶ್ನೆ ಕೇಳಿದರು. ಯಾವ ಪ್ರಾಣಿಯ ಒಳಿತಿನ ಬಗ್ಗೆ ನಾವು ಯೋಚಿಸಬೇಕು, ಹಸುವಿಗೆ ಎಷ್ಟು ಬೆಲೆ ಕೊಡಬೇಕು, ಹೀಗೆ. ಮಾಂಸ ತಿಂದವರ ಕಾಳಜಿಯ ಪಟ್ಟಿ ಚಿಕ್ಕದಾಗಿತ್ತು. ಹಸುವಿಗೂ ಅವರು ಕಡಿಮೆ ಬೆಲೆ ಕೊಟ್ಟರು. ಯಾರಿಗೆ ಯಾವುದು ಸಿಗಬೇಕು ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನವಾಗಿತ್ತು. ಅವರು ಮೊದಲೇ ಕಲ್ಲುಮನಸ್ಸಿನವರಾಗಿದ್ದರು ಅನ್ನುವ ಹಾಗಿಲ್ಲ. ಒಂದು ಚೂರು ಮಾಂಸ ತಿಂದದ್ದಷ್ಟೇ ವ್ಯತ್ಯಾಸ.

ಮೊದಲು ಮನಸ್ಸು ಬದಲಾಗಬೇಕು, ಆಮೇಲೆ ಊಟ ಬದಲಾಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಬಹಳ ಸಲ ಆಗುವುದು ತಿರುಗುಮುರುಗು. ಏನು ತಿನ್ನುತ್ತೇವೋ ಅದಕ್ಕೆ ತಕ್ಕ ಹಾಗೆ ಮನಸ್ಸು ಸಮಾಧಾನ ಹುಡುಕಿಕೊಳ್ಳುತ್ತದೆ. ‘ಎಲ್ಲರೂ ತಿಂತಾರೆ’, ‘ಪ್ರಕೃತಿ ಇರೋದೇ ಹೀಗೆ’, ‘ತಿನ್ನದಿದ್ದರೆ ಶಕ್ತಿ ಬರಲ್ಲ’ ಅನ್ನುವ ಮಾತೆಲ್ಲ ಹುಟ್ಟುವುದು ಅಲ್ಲಿಂದ. ನೀವು ವಿಡಿಯೋ ಕಳಿಸಿದಾಗ ನಿಮ್ಮ ಅಕ್ಕನಿಗೆ ಸಂಕಟವಾಗುತ್ತದೆ. ಅದರಿಂದ ಪಾರಾಗಲು ಎರಡು ದಾರಿ. ಊಟ ಬದಲಿಸುವುದು, ಇಲ್ಲವೇ ನಿಮ್ಮ ಮೆಸೇಜ್ ತೆರೆಯದೇ ಇರುವುದು. ಎರಡನೆಯದು ಎಷ್ಟು ಸುಲಭ ನೋಡಿ.

ನಾನೂ ಒಂದು ಕಾಲದಲ್ಲಿ ಇದೇ ಮಾಡಿದ್ದೆ. ಯುವಕರ ಒಂದು ಸಭೆಯಲ್ಲಿ ಇಪ್ಪತ್ತು ನಿಮಿಷ ರಕ್ತ ತೋರಿಸಿದೆ. ಅರ್ಧ ಜನ ತಲೆ ತಗ್ಗಿಸಿದರು, ಒಬ್ಬ ಹುಡುಗಿ ಅತ್ತುಕೊಂಡು ಹೊರಗೆ ಹೋದಳು. ಆಮೇಲೆ ನನ್ನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದವರೂ ಇಲ್ಲ. ಆ ಹುಡುಗಿಯ ಮುಖ ಇನ್ನೂ ನೆನಪಿದೆ. ಅವತ್ತಿನಿಂದ ಕೇಳದವರಿಗೆ ನಾನು ಅಂಥ ವಿಡಿಯೋ ತೋರಿಸುವುದಿಲ್ಲ. ನೀವೂ ನಿಲ್ಲಿಸಿ. ಮಕ್ಕಳಿರುವ ಗುಂಪಿಗಂತೂ ದಯವಿಟ್ಟು ಕಳಿಸಬೇಡಿ.

ಹಾಗಾದರೆ ಏನು ಮಾಡಬೇಕು? ಅಡುಗೆ ಮಾಡಿ ಬಡಿಸಿ. ನಿಜವಾಗಿ ಹೇಳುತ್ತಿದ್ದೇನೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ಯಾಂಟೀನುಗಳಲ್ಲಿ ನಡೆದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನಾಲ್ಕು ಊಟದಲ್ಲಿ ಒಂದು ಸಸ್ಯಾಹಾರ ಇದ್ದದ್ದನ್ನು ಎರಡು ಮಾಡಿದಾಗ, ಸಸ್ಯಾಹಾರದ ಮಾರಾಟ ಒಂದೊಂದು ಕ್ಯಾಂಟೀನಿನಲ್ಲಿ ಒಂದೊಂದು ಥರ, ಕಡಿಮೆ ಅಂದರೆ ಶೇ. 41ರಷ್ಟು, ಹೆಚ್ಚೆಂದರೆ ಶೇ. 79ರಷ್ಟು ಜಾಸ್ತಿಯಾಯಿತು. ಭಾಷಣ ಇಲ್ಲ, ಪೋಸ್ಟರ್ ಇಲ್ಲ. ಎಲ್ಲರಿಗಿಂತ ಜಾಸ್ತಿ ಬದಲಾದವರು ಅಲ್ಲಿಯವರೆಗೆ ಸಸ್ಯಾಹಾರವನ್ನು ಎಲ್ಲರಿಗಿಂತ ಕಡಿಮೆ ತಿನ್ನುತ್ತಿದ್ದವರು. ನಿಮ್ಮ ಭಾವನಿಗೆ ರುಚಿಯಾದದ್ದನ್ನು ವಾರಕ್ಕೆರಡು ಸಲ ಮಾಡಿ ಕೊಡಿ. ಹೆಸರು, ಹಣೆಪಟ್ಟಿ ಏನೂ ಬೇಡ. ತಟ್ಟೆಯಲ್ಲಿ ಮಾಂಸವಿಲ್ಲದ ಹೊತ್ತಿನಲ್ಲಿ ಕೋಳಿಯ ಬಗ್ಗೆ ಮಾತಾಡಿದರೆ ಅವರು ಕೇಳಿಸಿಕೊಳ್ಳುತ್ತಾರೆ.

ಮಾತಾಡುವಾಗ ಸಾವಿನಿಂದ ಶುರು ಮಾಡಬೇಡಿ. ಕೋಳಿ ಬದುಕುವುದು ಹೇಗೆ ಅಂತ ಹೇಳಿ. ಮೊಟ್ಟೆ ಇಡುವ ಮುಂಚೆ ಹೇಂಟೆ ಮರೆಯಾದ ಜಾಗ ಹುಡುಕುತ್ತದೆ, ಗೂಡು ಮಾಡುತ್ತದೆ. ಆ ಆಸೆ ಅದರ ಮೈಯಲ್ಲೇ ಇದೆ. ಸಾಲು ಪಂಜರದಲ್ಲಿ ಅದಕ್ಕೆ ಸಿಗುವುದು ಒಂದು ಎ4 ಹಾಳೆಗಿಂತ ಚಿಕ್ಕ ಜಾಗ. ಗೂಡಿಲ್ಲ. ಆಗ ಅದು ಅತ್ತಿಂದಿತ್ತ ತಿರುಗಲು ನೋಡುತ್ತದೆ, ತಂತಿಯ ಸಂದಿಯಲ್ಲಿ ತಲೆ ತೂರಿಸುತ್ತದೆ. ದಿನವೂ ಇದೇ. ಪಂಜರದಿಂದ ಬಿಡಿಸಿ ತಂದ ಕೋಳಿಯನ್ನು ನಾನು ಮಣ್ಣಿನ ಮೇಲೆ ಬಿಟ್ಟು ನೋಡಿದ್ದೇನೆ. ಮೊದಲು ಸುಮ್ನೆ ನಿಂತಿತ್ತು. ಆಮೇಲೆ ಕೂತು, ಮಗ್ಗುಲಾಗಿ, ರೆಕ್ಕೆಯಿಂದ ಧೂಳು ಎರಚಿಕೊಂಡು ಮಿಂದಿತು. ಯಾರೂ ಅದಕ್ಕೆ ಕಲಿಸಿರಲಿಲ್ಲ. ಇದನ್ನು ಹೇಳಿದಾಗ ಜನ ಎದ್ದು ಹೋಗುವುದಿಲ್ಲ, ಇನ್ನೂ ಕೇಳುತ್ತಾರೆ.

ಇನ್ನು ನಿಮ್ಮ ಬಗ್ಗೆಯೇ ಒಂದು ಭಯ ನನಗೆ. 2014ರಲ್ಲಿ ಅಮೆರಿಕದಲ್ಲಿ 11,000ಕ್ಕೂ ಹೆಚ್ಚು ಜನರನ್ನು ಕೇಳಿ ನೋಡಿದಾಗ, ಒಮ್ಮೆ ಸಸ್ಯಾಹಾರಿ ಅಥವಾ ವೀಗನ್ ಆದವರಲ್ಲಿ ಶೇ. 84 ಮಂದಿ ಮತ್ತೆ ಮಾಂಸಕ್ಕೆ ಮರಳಿದ್ದರು. ಹಾಗೆ ಮರಳಿದವರಲ್ಲಿ ಮೂರನೇ ಒಂದು ಭಾಗದವರು ಮೂರು ತಿಂಗಳೂ ದಾಟಿರಲಿಲ್ಲ. ದಿನವೂ ಮನೆಯವರ ಜೊತೆ ಜಗಳ ಆಡುತ್ತಾ, ಒಂಟಿಯಾಗಿ ಬಾಳುವುದು ಕಷ್ಟ. ನೀವು ಇನ್ನೂ ಹತ್ತು ವರ್ಷ ಈ ದಾರಿಯಲ್ಲಿ ಇರಬೇಕು. ಜಗಳ ಬಿಡಿ.

ಕಾನೂನೂ ನಿಧಾನವೇ. ಪ್ರಾಣಿಗೆ ತಿರುಗಲು, ಏಳಲು, ಮಲಗಲು, ಮೈ ನೀವಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಬೇಕು ಅಂತ ಸಾಕಣೆ ಪ್ರಾಣಿಗಳ ಸ್ಥಿತಿ ನೋಡಲು ಬ್ರಿಟನ್ ಸರ್ಕಾರ ನೇಮಿಸಿದ ಬ್ರ್ಯಾಂಬೆಲ್ ಸಮಿತಿ ಹೇಳಿದ್ದು 1965ರಲ್ಲಿ. ಗೂಡು ಗೀಡು ಏನೂ ಇಲ್ಲದ ಬರಿಯ ಸಾಲು ಪಂಜರಗಳು ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧವಾಗಿದ್ದು 2012ರಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ 2022ರಲ್ಲಿ ಕಾರ್ಖಾನೆ ಸಾಕಣೆ ನಿಲ್ಲಿಸುವ ಪ್ರಸ್ತಾಪ ಸುಮಾರು ಶೇ. 63 ವಿರೋಧ ಮತದಿಂದ ಬಿದ್ದುಹೋಯಿತು. ನಿಮ್ಮ ಭಾವ ಎಂಟು ತಿಂಗಳಲ್ಲಿ ಬದಲಾಗಲಿಲ್ಲ ಅಂತ ಜನರ ಮೇಲೆ ನಂಬಿಕೆ ಕಳೆದುಕೊಳ್ಳಬೇಡಿ.

ಪ್ರಶ್ನೆ: ಗಿಡಕ್ಕೂ ಜೀವ ಇದೆಯಲ್ಲ?

ಜೀವ ಇದೆ, ನರವೂ ಇಲ್ಲ ಮೆದುಳೂ ಇಲ್ಲ. ಗಿಡದ ಮೇಲೆ ಅಷ್ಟು ಪ್ರೀತಿ ಇದ್ದರೆ, ಸಾಕುಪ್ರಾಣಿಗಳು ತಿಂದು ಮುಗಿಸುವ ಜೋಳ, ಸೋಯಾ ಎಷ್ಟು ಅಂತ ಲೆಕ್ಕ ಹಾಕಿ.

ಪ್ರಶ್ನೆ: ಹಾಲು ಕರೆಯದಿದ್ದರೆ ಹಸುವಿಗೆ ನೋವಾಗುತ್ತದೆ. ಕರೆಯುವುದು ಉಪಕಾರ ಅಲ್ವಾ?

ಕರು ಹಾಕದೆ ಹಸುವಿಗೆ ಹಾಲು ಬರುವುದಿಲ್ಲ. ಆ ಕರು ಎಲ್ಲಿ ಹೋಯಿತು ಅಂತ ಮೊದಲು ಕೇಳಿ.

ಪ್ರಶ್ನೆ: ಸ್ಪಿರುಲಿನಾ ಅನ್ನುವ ಪಾಚಿಯ ಪುಡಿ ತಿಂದರೆ ವಿಟಮಿನ್ ಬಿ12 ಸಿಗುತ್ತದೆ, ಮಾತ್ರೆ ಬೇಡ ಅಂತ ಒಬ್ಬ ವೀಗನ್ ಗುರು ಹೇಳಿದರು. ಹೌದಾ?

ಸುಳ್ಳು. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸ್ಪಿರುಲಿನಾದಲ್ಲಿ ಇರುವುದರಲ್ಲಿ ಹೆಚ್ಚಿನದು ಬಿ12ನಂತೆ ಕಾಣುವ ಬೇರೆ ವಸ್ತು, ನಮ್ಮ ಮೈಗೆ ಅದು ಪ್ರಯೋಜನಕ್ಕೆ ಬಾರದು. ತೊಳೆಯದ ತರಕಾರಿಯ ಮಣ್ಣಿನಿಂದ ಬಿ12 ಸಿಗುತ್ತದೆ ಅನ್ನುವವರೂ ಇದ್ದಾರೆ, ಅದೂ ಉತ್ತರವಲ್ಲ. ಬಿ12 ಕೊರತೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ನರಗಳಿಗೆ ಪೆಟ್ಟು ಕೊಡುತ್ತದೆ, ಕೆಲವು ಸಲ ಆ ಪೆಟ್ಟು ವಾಸಿಯಾಗುವುದೇ ಇಲ್ಲ. ವೀಗನ್ ಆದವರು ಮಾತ್ರೆಯನ್ನೋ ಬಿ12 ಸೇರಿಸಿದ ಆಹಾರವನ್ನೋ ತಪ್ಪದೆ ತೆಗೆದುಕೊಳ್ಳಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇದನ್ನು ವೈದ್ಯರ ಹತ್ತಿರವೇ ಮಾತಾಡಿ, ಪುಡಿ ಮಾರುವವರ ಹತ್ತಿರ ಅಲ್ಲ.

ಪ್ರಶ್ನೆ: ಒಂದೇ ಸಲ ಎಲ್ಲ ಬಿಡಲು ಆಗುತ್ತಿಲ್ಲ. ದನದ ಮಾಂಸ ಬಿಟ್ಟು ಕೋಳಿಗೆ ಬಂದಿದ್ದೇನೆ. ಒಳ್ಳೆಯದಲ್ವಾ?

ಪರಿಸರದ ಲೆಕ್ಕದಲ್ಲಿ ಒಳ್ಳೆಯದಿರಬಹುದು, ಪ್ರಾಣಿಗಳ ಲೆಕ್ಕದಲ್ಲಿ ಅಲ್ಲ. ಒಂದು ದೊಡ್ಡ ದನದಿಂದ ಸಿಗುವಷ್ಟು ಮಾಂಸಕ್ಕೆ ನೂರಕ್ಕೂ ಹೆಚ್ಚು ಕೋಳಿ ಬೇಕು. ಆ ಕೋಳಿಗಳನ್ನು ಆರು ವಾರದಲ್ಲಿ ಎಷ್ಟು ವೇಗವಾಗಿ ಬೆಳೆಸುತ್ತಾರೆಂದರೆ ಎಷ್ಟೋ ಕೋಳಿಗಳ ಕಾಲು ಆ ಭಾರ ತಡೆಯುವುದಿಲ್ಲ. ಒಂದೊಂದಾಗಿ ಬಿಡುವುದಾದರೆ ಕೋಳಿ, ಮೊಟ್ಟೆಯಿಂದಲೇ ಶುರು ಮಾಡಿ.