ಬಿಲ್ ಕಲೆಕ್ಟರ್ ತೆರಿಗೆ ಹಣ ನುಂಗಿದರೆ ಜಾಮೀನು ನಿಂತವರು ಕಟ್ಟಬೇಕೇ?

ನಿಮ್ಮ ಅಣ್ಣ ಜಾಮೀನು ನಿಂತ ಬಿಲ್ ಕಲೆಕ್ಟರ್ ತೆರಿಗೆ ಹಣ ನುಂಗಿದರೆ ಅದನ್ನು ಅಣ್ಣ ಕಟ್ಟಬೇಕೇ ಎಂದು ಕೇಳಿದ್ದೀರಿ. ಹೌದು, ಕಟ್ಟಬೇಕಾಗುತ್ತದೆ. ಹೊಸದುರ್ಗ ತಾಲ್ಲೂಕಿನ ನಿಮ್ಮ ಪಂಚಾಯಿತಿಯ ಬಿಲ್ ಕಲೆಕ್ಟರ್‌ಗೆ ನಿಮ್ಮ ಅಣ್ಣ ನೆಂಟಸ್ತಿಕೆಗಾಗಿ ಜಾಮೀನು ಪತ್ರಕ್ಕೆ ಸಹಿ ಹಾಕಿರಬಹುದು, ಆದರೆ ಕಾನೂನು ಪತ್ರವನ್ನಷ್ಟೇ ನೋಡುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಮೂಲ ಬಾಕಿದಾರನಷ್ಟೇ. ‘ಮೊದಲು ಅವನಿಂದ ವಸೂಲು ಮಾಡಿ’ ಎನ್ನುವಂತಿಲ್ಲ. ಹಾಗಾಗಿ ಮೊತ್ತಕ್ಕೆ ಮಿತಿ ಬರೆದಿದೆಯೇ ಎಂದು ಇಂದೇ ನೋಡಿ.

ಪಾರಾಗುವ ದಾರಿ ಕಿರಿದು. ಕೆಲಸ ಕೊಟ್ಟವರು ತಿಂಗಳಿಗೊಮ್ಮೆಯಾದರೂ ನಗದು ಲೆಕ್ಕ ನೋಡುತ್ತೇವೆಂದು ಜಾಮೀನುದಾರನಿಗೆ ಮಾತು ಕೊಟ್ಟು ನೋಡದೆ ಬಿಟ್ಟಾಗ ಹಣ ದುರುಪಯೋಗವಾದರೆ ಅವನು ಹೊಣೆಯಲ್ಲ. 139ನೇ ಕಲಮಿನ ಕೆಳಗೆ ಕಾಯ್ದೆಯೇ ಕೊಟ್ಟ ಉದಾಹರಣೆ ಇದು. ಅಂಥ ಮಾತು ಕೊಟ್ಟಿರದಿದ್ದರೆ, ಬರೀ ಮೇಲ್ವಿಚಾರಣೆಯ ಅಸಡ್ಡೆಯನ್ನು ತೋರಿಸಿದರೆ ಸಾಮಾನ್ಯವಾಗಿ ಸಾಲದು. ಕಟ್ಟಿದ ಹಣವನ್ನು ಬಿಲ್ ಕಲೆಕ್ಟರ್‌ನಿಂದ ವಸೂಲು ಮಾಡುವ ಹಕ್ಕು ಮಾತ್ರ ನಿಮ್ಮ ಅಣ್ಣನಿಗೆ ಇದ್ದೇ ಇರುತ್ತದೆ.