ಬರ್ಲಿನ್ನಿನ ಟೆಕ್ನೋ ಚರಿತ್ರೆ ಬರೆಯಲು ಹೊರಟವರಿಗೆ

ಕೆಲಸಕ್ಕೆಂದು ಬರ್ಲಿನ್ನಿಗೆ ಬಂದಿರುವ ನೀವು ಇಲ್ಲಿನ ಟೆಕ್ನೋ ಎಂಬ ಎಲೆಕ್ಟ್ರಾನಿಕ್ ನೃತ್ಯ ಸಂಗೀತದ ಚರಿತ್ರೆಯನ್ನು ದಾಖಲಿಸಬೇಕೆಂದಿದ್ದೀರಿ. ಹೊರಗಿನಿಂದ ಬಂದವರ ಮುಂದೆ ಇಲ್ಲಿಯವರು ಬಾಯಿ ಬಿಡುತ್ತಾರೆಯೇ ಎಂದು ಕೇಳಿದ್ದೀರಿ. ಬಿಡುತ್ತಾರೆ, ಆದರೆ ಜರ್ಮನ್ ಕಲಿಯಿರಿ. ಕಚೇರಿಯ ವ್ಯವಹಾರ ಇಂಗ್ಲಿಷಿನಲ್ಲಿ ಸಾಗಬಹುದು. ಪೂರ್ವ ಬರ್ಲಿನ್ನಿನಲ್ಲಿ ಬೆಳೆದವರು ಶಾಲೆಯಲ್ಲಿ ಮೊದಲು ಕಲಿತ ವಿದೇಶಿ ಭಾಷೆ ರಷ್ಯನ್. ಅವರ ನೆನಪು ಬಿಚ್ಚಿಕೊಳ್ಳುವುದು ಜರ್ಮನ್ನಿನಲ್ಲೇ. ಹೇಳದೆ ಕೇಳದೆ ಯಾರ ಮನೆಗೂ ಹೋಗಬೇಡಿ. ದಿನ, ಗಂಟೆ ಗೊತ್ತುಮಾಡಿಕೊಂಡು ಸರಿಯಾಗಿ ಅದೇ ಹೊತ್ತಿಗೆ ಹೋಗಿ.

ಆ ಪೂರ್ವದವರಿಂದಲೇ ಶುರುಮಾಡಿ ಎಂಬುದು ನನ್ನ ಒತ್ತಾಯ. ಹೆಸರಾಂತ ಡಿಜೆಗಳ ಮಾತು ಬೇಕಾದಷ್ಟು ಅಚ್ಚಾಗಿದೆ. ನಗರವನ್ನು ಪೂರ್ವ ಪಶ್ಚಿಮವೆಂದು ಸೀಳಿದ್ದ ಬರ್ಲಿನ್ ಗೋಡೆ ಬೀಳುವ ಮುಂಚೆಯೇ ಪಶ್ಚಿಮ ಬರ್ಲಿನ್ನಿನ ರೇಡಿಯೋದಲ್ಲಿ ಮೋನಿಕಾ ಡೀಟ್ಲ್ ಕೇಳಿಸುತ್ತಿದ್ದ, ಟೆಕ್ನೋಗೆ ಹತ್ತಿರದ ಹೌಸ್ ಎಂಬ ನೃತ್ಯ ಸಂಗೀತಕ್ಕೆ ಆಚೆ ಬದಿಯ ಹುಡುಗ ಹುಡುಗಿಯರು ಕಿವಿಗೊಟ್ಟಿದ್ದರು. 1989ರ ನವೆಂಬರ್ ನಂತರ ಪೂರ್ವದಲ್ಲಿ ಒಡೆಯರು ಯಾರೆಂದೇ ಇತ್ಯರ್ಥವಾಗದ ಕಟ್ಟಡಗಳು ಖಾಲಿ ಬಿದ್ದಿದ್ದವು. ಸಂಗೀತ ಅಮೆರಿಕದ ಡೆಟ್ರಾಯ್ಟ್‌ನಿಂದ ಬಂದಿತು, ಜಾಗವನ್ನು ಪೂರ್ವ ಕೊಟ್ಟಿತು. 1991ರಲ್ಲಿ ಟ್ರೆಸೋರ್ ಕ್ಲಬ್ ತೆರೆದದ್ದು ವರ್ಟ್‌ಹೈಮ್ ಎಂಬ ಹಳೆಯ ಮಳಿಗೆಯ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ. 2005ರಲ್ಲಿ ಅದು ಆ ಜಾಗ ಬಿಡಬೇಕಾಯಿತು. 2007ರಿಂದ ಹಳೆಯ ವಿದ್ಯುತ್ ಸ್ಥಾವರವೊಂದರಲ್ಲಿ ನಡೆಯುತ್ತಿದೆ. ಇಂಥ ಕೋಣೆಗಳಿಗೆ ಕರೆಂಟು ಎಳೆದವರು ಯಾರು, ಸ್ಪೀಕರ್ ಹೊತ್ತವರು ಯಾರು, ಬಾಗಿಲಲ್ಲಿ ನಿಂತು ಯಾರನ್ನು ವಾಪಸು ಕಳಿಸಿದರು ಎಂದು ಕೇಳಿ. ಅವರಲ್ಲಿ ಅನೇಕರನ್ನು ಇದುವರೆಗೆ ಯಾರೂ ಮಾತನಾಡಿಸಿಯೇ ಇಲ್ಲ. ಅದು ನನಗೆ ಬಹಳ ನೋವಿನ ಸಂಗತಿ.

ಅವರ ಡಬ್ಬಗಳಿಂದ ಫ್ಲೈಯರ್‌ಗಳು, ಅಂದರೆ ಪಾರ್ಟಿಗಳ ಪ್ರಚಾರದ ಚೀಟಿಗಳು, ಹೊರಬರುತ್ತವೆ. ಎಷ್ಟೋ ಚೀಟಿಗಳಲ್ಲಿ ವಾರ, ತಾರೀಖು ಇರುತ್ತವೆ, ವರ್ಷ ಇರುವುದಿಲ್ಲ. ಒಂದೇ ತಾರೀಖು ಅದೇ ವಾರಕ್ಕೆ ಮತ್ತೆ ಬೀಳಲು ಸಾಮಾನ್ಯವಾಗಿ ಐದು, ಆರು ಅಥವಾ ಹನ್ನೊಂದು ವರ್ಷ ಬೇಕು; ಕ್ಯಾಲೆಂಡರ್ ಹಿಡಿದು ಕೂತರೆ ವರ್ಷ ಸಿಗುತ್ತದೆ. ವಿಳಾಸವನ್ನೂ ನೋಡಿ. 1993ರ ಜುಲೈ 1ರಂದು ಜರ್ಮನಿಯ ಪಿನ್‌ಕೋಡ್ ನಾಲ್ಕು ಅಂಕಿಯಿಂದ ಐದಕ್ಕೆ ಬದಲಾಯಿತು. ಐದಂಕಿ ಕಂಡರೆ ಆ ಚೀಟಿ ಅದಕ್ಕಿಂತ ಬಹಳ ಹಿಂದಿನದಲ್ಲ.

ಫೋಟೋಗಳ ವಿಷಯದಲ್ಲಿ ಮಾತ್ರ ಅವಸರ ಬೇಡ. ಫೋಟೋದಲ್ಲಿರುವವರ ಒಪ್ಪಿಗೆಯಿಲ್ಲದೆ ಅದನ್ನು ಸಾಮಾನ್ಯವಾಗಿ ಪ್ರಕಟಿಸುವಂತಿಲ್ಲ; ಅವರು ತೀರಿಕೊಂಡ ಮೇಲೂ ಹತ್ತು ವರ್ಷ ಮನೆಯವರ ಒಪ್ಪಿಗೆ ಬೇಕು. ಇಲ್ಲಿನ ಕ್ಲಬ್‌ಗಳ ಬಾಗಿಲಲ್ಲಿ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ಕತ್ತಲಲ್ಲಿ ತಮ್ಮಿಷ್ಟದಂತೆ ಇರಲೆಂದು ಬಂದವರ ಮುಖವನ್ನು ಮೂವತ್ತು ವರ್ಷಗಳ ಮೇಲೆ ಬಯಲಿಗಿಡುವುದು ಅನ್ಯಾಯ. ಸಂದರ್ಶನಕ್ಕೂ ಬರಹದಲ್ಲೇ ಒಪ್ಪಿಗೆ ಪಡೆಯಿರಿ. ಯಾವ ಭಾಗವನ್ನು ಮುಚ್ಚಿಡಬೇಕೆಂದು ಅವರೇ ಹೇಳಲಿ.

2024ರಲ್ಲಿ ಬರ್ಲಿನ್ನಿನ ಟೆಕ್ನೋ ಸಂಸ್ಕೃತಿ ಜರ್ಮನಿಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ನನಗೆ ಸಂತೋಷವೇ ಆಯಿತು. ಆದರೂ ಪಟ್ಟಿಗೆ ಸೇರಿದ ಕಥೆ ನಯವಾಗುತ್ತಾ ಹೋಗುತ್ತದೆ. ಸಾಲ, ಜಗಳ, ಪೊಲೀಸರು ಬಂದ ರಾತ್ರಿಗಳು ಅದರಿಂದ ಉದುರಿಹೋಗುತ್ತವೆ. ಅವನ್ನೂ ಕೇಳಿ ಬರೆದುಕೊಳ್ಳಿ. ಕ್ಯಾಸೆಟ್ ಕೊಟ್ಟವರಿಗೆ ಮೂಲವನ್ನು ಮರಳಿಸಿ, ಜೊತೆಗೆ ಡಿಜಿಟಲ್ ಪ್ರತಿಯನ್ನೂ ಕೊಡಿ. ಮುಂದೆ ಯಾರನ್ನು ಕಾಣಬೇಕೆಂದು ಅವರೇ ಹೇಳುತ್ತಾರೆ.